ಟಿವಿ ತಾನಾಗಿ ಕೂಡಿಕೊಂಡ ದಿನ

ಉಣಕಲ್, ಹುಬ್ಬಳ್ಳಿ
೨ ಆಗಸ್ಟ್ ೨೦೨೫, ಶನಿವಾರ
ಮಧ್ಯಾಹ್ನ ಒಂದು ಗಂಟೆ

ಪ್ರೀತಿಯ ಸುಹಾಸಿನಿ ಅಕ್ಕನಿಗೆ,

ನಿಮ್ಮ ತಮ್ಮನ ಹೆಂಡತಿ ವೃಂದಾಳ ನಮಸ್ಕಾರಗಳು. ಹೆಂಡತಿ ಎಂದು ಬರೆಯಲು ಕೈ ಏಳಲಿಲ್ಲ, ಆದರೂ ಬರೆದೆ. ನೀವು ನನಗೆ ಅಕ್ಕನಾಗಿ ಸಿಕ್ಕಿದ್ದು ಆ ದಾರಿಯಿಂದಲೇ ಅಲ್ಲವೇ. ನಿಮ್ಮ ಸೋದರಸೊಸೆ ಗಾರ್ಗಿ ಆರಾಮಾಗಿದ್ದಾಳೆ, ಎಂಟು ವರ್ಷಕ್ಕೇ ನನ್ನ ಬಾಯಿ ಮುಚ್ಚಿಸುವಷ್ಟು ಮಾತು ಕಲಿತಿದ್ದಾಳೆ. ನಾನು ಆರಾಮಾಗಿಲ್ಲ. ಬಹಳ ಹೆದರಿದ್ದೇನೆ ಅಕ್ಕ.

ಫೋನು ಮಾಡುವುದು ಬಿಟ್ಟು ಕಾಗದ ಬರೆಯುತ್ತ ಕೂತಿದ್ದಾಳಲ್ಲ ಎಂದು ಬಯ್ಯಬೇಡಿ. ನಿಮ್ಮ ಫೋನು ಕೊಡಿಸಿದವರು ನಿಮ್ಮ ತಮ್ಮ. ವಾರಕ್ಕೊಮ್ಮೆ “ಕೊಡ ಇಲ್ಲೆ, ಛಲೋ ಮಾಡಿ ಕೊಡತೇನಿ” ಎಂದು ಇಸಿದುಕೊಂಡು ಒಳಗೆಲ್ಲ ಕೈಯಾಡಿಸುವವರೂ ಅವರೇ. ಅದಕ್ಕೇ ಇದನ್ನು ನೀವು ಕಲಿಸುವ ಶಾಲೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಓದಿದ ಮೇಲೆ ಹರಿದುಬಿಡಿ.

ನನ್ನ ಟಿವಿ ನಿಮಗೆ ನೆನಪಿರಲೇಬೇಕು. ಫೆಬ್ರುವರಿಯಲ್ಲಿ ನಮ್ಮಿಬ್ಬರನ್ನೂ ಧಾರವಾಡದ ಮನೆಯಿಂದ ಹೊರಡಿಸಿದವರು ನೀವು. ಆಟೋದಲ್ಲಿ ಇದ್ದದ್ದು ಎರಡು ಚೀಲ, ಗಾರ್ಗಿಯ ಪಾಟಿಚೀಲ ಮತ್ತು ಚಾದರದಲ್ಲಿ ಸುತ್ತಿದ ಆ ಟಿವಿ. “ಬಂಗಾರ ಬಿಟ್ಟು ಟಿವಿ ಹೊತಗೊಂಡು ಓಡಿ ಹೋಗೂ ಹೆಣಮಗಳನ್ನ ನಾ ಇಲ್ಲೀತನಕಾ ನೋಡಿದ್ದಿಲ್ಲವಾ” ಎಂದು ಆ ಹೊತ್ತಿನಲ್ಲೂ ನಕ್ಕಿರಿ. ಬಂಗಾರ ಅವರ ಮನೆಯದು ಅಕ್ಕ. ಟಿವಿ ನನ್ನದು. ಲ್ಯಾಬಿನಲ್ಲಿ ದಿನಾ ಮಂದಿಯ ರಕ್ತ ತೆಗೆದು ದುಡಿದ ಪಗಾರದಲ್ಲಿ ನಾನೇ ಅಂಗಡಿಗೆ ಹೋಗಿ ಆರಿಸಿ ತಂದದ್ದು.

ಇಲ್ಲಿಗೆ ಬಂದ ಮೇಲೆ ಫೋನು ಬದಲಿಸಿದೆ, ನಂಬರು ಬದಲಿಸಿದೆ. ಲ್ಯಾಬು ಬದಲಿಸಿ ವಿದ್ಯಾನಗರದಲ್ಲಿ ಬೇರೆ ಕೆಲಸ ಹಿಡಿದೆ. ಮಗಳ ಶಾಲೆಯನ್ನೂ ಬದಲಿಸಿದೆ. ಬೆಳಗಿನ ಪಾಳಿ ಮುಗಿಸಿ ಎರಡು ಗಂಟೆಗೆ ಮನೆಗೆ ಬಂದರೆ ಪರದೆ ಎಳೆದು ಒಳಗೇ ಇರುತ್ತಿದ್ದೆ. ಎಲ್ಲ ಬಂದೋಬಸ್ತಾಯಿತು ಎಂದುಕೊಂಡಿದ್ದೆ. ಗೋಡೆಗೆ ಒರಗಿಸಿಟ್ಟ ಟಿವಿಯ ಬಗ್ಗೆ ಮಾತ್ರ ವಿಚಾರವೇ ಮಾಡಲಿಲ್ಲ.

ಗಾರ್ಗಿ ಟಿವಿ ಟಿವಿ ಎಂದು ತಿಂಗಳುಗಟ್ಟಲೆ ಪೀಡಿಸಿದ ಮೇಲೆ ಮನೆಗೆ ನೆಟ್ ಹಾಕಿಸುವುದೆಂದು ಮಾಡಿದೆ. ಇವತ್ತು ನನಗೆ ರಜೆ, ಅವಳಿಗೆ ಮುಂಜಾನೆಯ ಶಾಲೆ. ಅವಳು ಬಂದ ಹಿಂದೆಯೇ ಗೋಕುಲ ರಸ್ತೆಯ ಅಂಗಡಿಯಿಂದ ಅಸ್ಫಾಕ ಎನ್ನುವವರು ಬಂದರು. ಟಿವಿಯನ್ನು ಗೋಡೆಗೆ ಕೂಡಿಸಿ ಹಚ್ಚಿದರು. ತಾವು ತಂದ ಹೊಸ ರೌಟರಿನ ಡಬ್ಬಿಯನ್ನು ಅವರು ಇನ್ನೂ ಬಿಚ್ಚಿರಲಿಲ್ಲ, ಗಾರ್ಗಿ ಚಪ್ಪಾಳೆ ತಟ್ಟಿ ಕೂಗಿದಳು: “ಅಮ್ಮಾ, ನಮ್ಮನಿ ಬಂತು! ನಮ್ಮನಿ!”

‘ನಮ್ಮನಿ’ ಎಂಬುದು ಧಾರವಾಡದ ಮನೆಯ ನೆಟ್ಟಿಗೆ ನಿಮ್ಮ ತಮ್ಮ ಇಟ್ಟಿದ್ದ ಹೆಸರು. ಪರದೆಯ ಮೂಲೆಯಲ್ಲಿ ಆ ಹೆಸರೇ ಇತ್ತು, ಕೂಡಿಕೊಂಡಿದೆ ಎಂದೂ ಇತ್ತು. ಅಸ್ಫಾಕ ನಗುತ್ತ, “ನಿಮ್ಮ ಕೆಲಸ ಆಗೇ ಹೋಗೇತಲ್ರಿ ಮೇಡಮ್, ಮತ್ತ ನನ್ನ ಯಾಕ ಕರಸಿದ್ರಿ?” ಎಂದರು. ಬೇರೆ ಯಾರಾದರೂ ಅದೇ ಹೆಸರು ಇಟ್ಟಿರಬಹುದೇ ಎಂದು ಕೇಳಿದೆ. ಅದಕ್ಕೆ ಅಸ್ಫಾಕ ಹೇಳಿದರು: “ಹೆಸರು ಯಾರರ ಇಡಬಹುದ್ರಿ. ಆದ್ರ ಪಾಸ್‌ವರ್ಡೂ ಅದ ಇರಬೇಕಲ್ರಿ. ಈ ಟಿವಿ ಮದಲ ಕೂಡಿದ್ದ ರೌಟರ್ ಇಲ್ಲೇ ಎಲ್ಲೋ ಸಮೀಪ ಐತ್ರಿ. ಅದಕ್ಕ ಗುರ್ತ ಹಿಡದು ತಾನ ಕೂಡೇತಿ.”

ನಮ್ಮ ಪಾಸ್‌ವರ್ಡು ನಿಮ್ಮ ಕುಲದೇವರ ಹೆಸರು, ಅದರ ಮುಂದೆ ಗಾರ್ಗಿ ಹುಟ್ಟಿದ ತಾರೀಖು. ಜಗತ್ತಿನಲ್ಲಿ ಇನ್ನಾರಿಗೆ ಅದು ಹೊಳೆಯಬೇಕು? ಓಡಿ ಹೋಗಿ ಪ್ಲಗ್ಗು ಕಿತ್ತೆ. ಅಷ್ಟರಲ್ಲಿ ನಾಲ್ಕು ನಿಮಿಷ ಆಗಿಹೋಗಿತ್ತು.

ನಾಲ್ಕು ನಿಮಿಷದಿಂದ ಏನಾಗುತ್ತದೆ ಎಂದು ನೀವು ಕೇಳಬಹುದು. ನಿಮ್ಮ ತಮ್ಮನ ಫೋನಿನಲ್ಲಿ ಒಂದು ಪಟ್ಟಿ ಇದೆ ಅಕ್ಕ. ಮನೆಯ ರೌಟರಿಗೆ ಯಾವುದು ಎಷ್ಟು ಗಂಟೆಗೆ ಕೂಡಿತು, ಎಷ್ಟಕ್ಕೆ ಬಿಟ್ಟಿತು ಎಂಬುದೆಲ್ಲ ಅದರಲ್ಲಿ ಬೀಳುತ್ತದೆ. ನಾನು ಡ್ಯೂಟಿ ಮುಗಿಸಿ ಹೊಸ್ತಿಲು ದಾಟಿದ ಕೂಡಲೇ ನನ್ನ ಫೋನು ಕೂಡಿಕೊಳ್ಳುತ್ತಿತ್ತು, ಅವರು ಆಫೀಸಿನಲ್ಲಿ ಕೂತಲ್ಲೇ ಅದನ್ನು ನೋಡುತ್ತಿದ್ದರು. ಸಂಜೆ ಬಂದು ಬೂಟು ಬಿಚ್ಚುತ್ತ, ಒಂದು ಚೂರೂ ದನಿ ಏರಿಸದೆ, “ಇವತ್ತ ಹನ್ನೆರಡು ನಿಮಿಷ ತಡಾ ಆತಲಾ, ಎಲ್ಲಿದ್ದಿ?” ಎನ್ನುತ್ತಿದ್ದರು. ನನ್ನ ಕಿರುಬೆರಳು ಮುರಿದದ್ದು ಆ ಹನ್ನೆರಡು ನಿಮಿಷಕ್ಕೇ. ಬಾಗಿಲಿಗೆ ಸಿಕ್ಕಿತು ಎಂದು ಡಾಕ್ಟರಿಗೆ ಹೇಳಿದವರು ನೀವು. ಹೊರಗೆ ಆಟೋದಲ್ಲಿ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತವರೂ ನೀವೇ. ಆ ದಿನದಿಂದ ನಿಮ್ಮ ಮೇಲೆ ನನಗೆ ಸಿಟ್ಟು ಬರುವುದಿಲ್ಲ.

ಇವತ್ತು ಆ ಪಟ್ಟಿಯಲ್ಲಿ, ಹನ್ನೊಂದು ಇಪ್ಪತ್ತಕ್ಕೆ, ನನ್ನ ಟಿವಿ ಬಂದಿದೆ. ಅವರು ಇಲ್ಲಿದ್ದಾರೆಂದು ನನಗೆ ತಿಳಿದ ಗಳಿಗೆಯಲ್ಲೇ ನಾನು ಇಲ್ಲಿದ್ದೇನೆಂದು ಅವರಿಗೂ ತಿಳಿಯಿತು.

ನಿಮಗೆ ಒಂದು ಸಂಗತಿ ಮುಚ್ಚಿಟ್ಟಿದ್ದೆ, ಈಗ ಹೇಳುತ್ತೇನೆ. ಮಂಗಳವಾರ ಪಂಚಮಿಗೆ ನೀವು ಉಂಡಿಯ ಡಬ್ಬಿ ಕಳಿಸಿದಿರಿ. ತವರಿಲ್ಲದ ನನಗೆ ನೀವೇ ತವರಾದಿರಿ, ಡಬ್ಬಿ ಎದೆಗವಚಿಕೊಂಡು ಕೂತಿದ್ದೆ. ಅದನ್ನು ತಂದ ನಿಮ್ಮ ಆಟೋದ ಫಕ್ರುಸಾಬರು ಮಾತ್ರ ಒಳಗೆ ಬರಲಿಲ್ಲ. “ಅಕ್ಕಾರ ತಮ್ಮನ ಕಾರು ಕೆರಿ ತನಕಾ ನನ್ನ ಹಿಂದನ ಇದ್ಧಂಗ ಇತ್ರಿ. ಓಣಿ ಬಾಯಾಗ ಎಮ್ಮಿ ಅಡ್ಡ ಬಂದ್ವು, ಆಮ್ಯಾಲ ಕಾಣಲಿಲ್ಲ” ಎಂದು ಹೇಳಿ ಹೋದರು. ಭ್ರಮೆ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆರು ತಿಂಗಳ ನಂತರ ನೆಮ್ಮದಿಯಿಂದ ನಿದ್ದೆ ಬರತೊಡಗಿತ್ತು ಅಕ್ಕ, ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಈಗ ಲೆಕ್ಕ ಹತ್ತುತ್ತಿದೆ. ಪಂಚಮಿಯ ರೂಢಿಯಂತೆ ಅಕ್ಕನ ಕೈಯಿಂದ ಬೆನ್ನಿಗೆ ಹಾಲು ಹಚ್ಚಿಸಿಕೊಳ್ಳಲು ಆ ದಿನ ತಮ್ಮ ನಿಮ್ಮ ಮನೆಗೆ ಬಂದಿರುತ್ತಾರೆ. ತಾಟಿನ ತುಂಬ ಎಳ್ಳುಂಡಿ ನೋಡಿರುತ್ತಾರೆ. ನಿಮ್ಮ ಮನೆಯಲ್ಲಿ ಎಳ್ಳುಂಡಿ ಮುಟ್ಟುವವರೇ ಇಲ್ಲ, ಅದು ನನಗೊಬ್ಬಳಿಗೇ ಸೇರುವುದು ಎಂದು ಅವರಿಗೆ ಚೆನ್ನಾಗಿ ಗೊತ್ತು. ನೀವು ಒಂದು ಮಾತೂ ಬಾಯಿ ಬಿಟ್ಟಿರಲಿಕ್ಕಿಲ್ಲ. ಬಿಡಬೇಕಾಗಿಯೂ ಇರಲಿಲ್ಲ, ಡಬ್ಬಿ ಹೊತ್ತ ಆಟೋದ ಬೆನ್ನು ಹತ್ತಿದರೆ ಅವರಿಗೆ ಸಾಕಿತ್ತು.

ಅಸ್ಫಾಕ ಹೋದ ಮೇಲೆ ಕೆಳಗೆ ಮನೆಯ ಮಾಲಕರಾದ ಸಾವಕ್ಕನ ಹತ್ತಿರ ಹೋದೆ. ಎಮ್ಮೆಗಳ ಹಾಲು ಮಾರುವ ಮುದುಕಿ, ಓಣಿಯ ಸುದ್ದಿಯೆಲ್ಲ ಅವರ ಕಟ್ಟೆಯ ಮುಂದೆಯೇ ಹಾಯಬೇಕು. ಹೊಸಬರು ಯಾರಾದರೂ ಬಂದಿದ್ದಾರೆಯೇ ಎಂದೆ. “ಎದರಿನ ಮನಿ ಮಾಡಿ ಮ್ಯಾಲಿನ ಖೋಲಿ ಬುಧವಾರ ಒಬ್ಬಾಂವ ಹಿಡದಾನವಾ. ಹಾಸಿಗಿ ಇಲ್ಲ, ಭಾಂಡೆ ಇಲ್ಲ. ಒಂದ ಖುರ್ಚಿ, ಕಿಡಿಕ್ಯಾಗ ಮಿಣಮಿಣ ಅನ್ನೋ ಒಂದ ಡಬ್ಬಿ. ಸಂಜಿ ಆರಕ್ಕ ಬರತಾನ, ಎಂಟರ ತನಕಾ ಕಿಡಿಕಿ ಮುಂದ ಕುಂತು ಹೋಗತಾನ” ಎಂದರು. ನನ್ನ ಕೈಹಿಡಿದು ಕಟ್ಟೆಯ ಮೇಲೆ ಕೂರಿಸಿದರು. ಆ ಖೋಲಿಯವರು ಯಾರೆಂದು ಹೇಳಿದೆ.

ಅವರು ಹುಡುಕುತ್ತಲೂ ಇಲ್ಲ ಅಕ್ಕ. ಓಣಿ ಗೊತ್ತಾಗಿದೆ, ಮನೆ ಗೊತ್ತಾಗಿಲ್ಲ. ನನ್ನ ಯಾವುದಾದರೂ ಒಂದು ವಸ್ತು ತಾನಾಗಿ ಬಂದು ಕೂಡಿಕೊಳ್ಳಲಿ ಎಂದು ಹಳೆಯ ಮನೆಯ ರೌಟರನ್ನು ತಂದು ಕಿಟಕಿಯಲ್ಲಿಟ್ಟು ಕಾದಿದ್ದಾರೆ. ಪೊಲೀಸ್ ಠಾಣೆಗೆ ಹೋಗಿ ಏನೆಂದು ಬರೆಸಲಿ? ನಮ್ಮ ಟಿವಿಗೆ ನೆಟ್ ಬಂತು ಎಂದೇ?

ಸಾವಕ್ಕನ ಕಟ್ಟೆಯ ಮೇಲೆ ಕೂತು ವಿಚಾರ ಮಾಡಿ, ಮೇಲೆ ಬಂದು, ಪ್ಲಗ್ಗು ಮತ್ತೆ ಹಾಕಿದೆ. ಹುಚ್ಚಿ ಎನ್ನಬೇಡಿ. ನಾಲ್ಕು ನಿಮಿಷ ಬಂದು ಮಾಯವಾದರೆ ನಾನು ಹೆದರಿದೆನೆಂದು ಅವರಿಗೆ ತಿಳಿಯುತ್ತದೆ, ಎದ್ದು ಬಂದು ಮನೆ ಮನೆಯ ಬಾಗಿಲು ಬಡಿಯುತ್ತಾರೆ. ನಡೆಯುತ್ತಲೇ ಇದ್ದರೆ ಇವಳಿಗೆ ಏನೂ ಗೊತ್ತಾಗಿಲ್ಲ ಎಂದುಕೊಂಡು ಐದರ ತನಕ ಧಾರವಾಡದ ಆಫೀಸಿನಲ್ಲೇ ಇರಬಹುದು. ಈಗ ಗಾರ್ಗಿ ಕಾರ್ಟೂನು ನೋಡಿ ನಗುತ್ತಿದ್ದಾಳೆ, ನಾನು ಅವಳ ಹಿಂದೆ ಕೂತು ಬರೆಯುತ್ತಿದ್ದೇನೆ. ಅವರ ಕೈ ಈ ಖೋಲಿಯ ಒಳಗೇ ಇದ್ದಂತೆ ಅನಿಸುತ್ತಿದೆ.

ಅಕ್ಕ, ನಡುವೆ ಬರವಣಿಗೆ ನಿಂತಿತ್ತು. ಅಕ್ಷರ ಸೊಟ್ಟಾಗಿವೆ, ಹೊಂದಿಸಿಕೊಂಡು ಓದಿ. ಈಗ ಎರಡೂವರೆ. ಕಾರ್ಟೂನು ತಟ್ಟನೆ ನಿಂತು ಪರದೆಯ ಮೇಲೆ ನಿಮ್ಮ ತಮ್ಮನ ಹೆಸರು, ‘ವಿಜಯೀಂದ್ರನ ಫೋನು’ ಎಂದು ಬಂತು. ಮರುಕ್ಷಣ ಗಾರ್ಗಿಯ ಐದನೆಯ ಹುಟ್ಟುಹಬ್ಬದ ವಿಡಿಯೋ. ಮೇಣದಬತ್ತಿ, ನೀವು, ನಾನು, ಹಾಡುತ್ತಿರುವ ಅವರು. ಒಂದೇ ರೌಟರಿಗೆ ಕೂಡಿದ್ದರೆ ಫೋನಿನಿಂದ ಟಿವಿಗೆ ಹೀಗೆ ಕಳಿಸಲು ಬರುತ್ತದೆ, ಮನೆಯಲ್ಲೂ ಕಳಿಸುತ್ತಿದ್ದರು. ಅಂದರೆ ಅವರು ಐದರ ತನಕ ಕಾಯಲಿಲ್ಲ. ಎದುರಿನ ಕುರ್ಚಿಗೆ ಬಂದು ಕೂತಿದ್ದಾರೆ.

ದನಿಯ ಗೆರೆ ತಾನಾಗಿ ಏರತೊಡಗಿತು. ರಿಮೋಟು ನನ್ನ ಕೈಯಲ್ಲೇ ಇತ್ತು, ನಾನು ಮುಟ್ಟಿರಲಿಲ್ಲ. ಇಳಿಸಿದರೆ ಮತ್ತೆ ಏರುತ್ತಿತ್ತು. ಆಗ ಅರ್ಥವಾಯಿತು: ಯಾವ ಮನೆಯಿಂದ ಆ ಹಾಡು ಕೇಳಿಬರುತ್ತದೆ ಎಂದು ಅವರು ಕಿಟಕಿಗೆ ಕಿವಿ ಕೊಟ್ಟು ನಿಂತಿದ್ದಾರೆ. ಗಾರ್ಗಿ “ಪಪ್ಪಾ!” ಎಂದು ಕುಣಿದು, “ಪಪ್ಪಾ ಬಂದಾರೇನಮ್ಮಾ?” ಎನ್ನುತ್ತ ಕಿಟಕಿಯ ಕಡೆ ಓಡಿದಳು. ಅವಳನ್ನು ರಟ್ಟೆ ಹಿಡಿದು ಎಳೆದೆ, ನೋವಾಗುವಷ್ಟು ಎಳೆದೆ. ಈ ಕೈಯಿಂದ ಅವಳಿಗೆ ನೋವು ಮಾಡಿದ್ದು ಇದೇ ಮೊದಲು. ಪ್ಲಗ್ಗು ಕೀಳುವಂತಿಲ್ಲ, ಕಿತ್ತರೆ ಎಚ್ಚರಾದಳು ಎಂದು ತಿಳಿಯುತ್ತದೆ. ಕಡೆಗೆ ಅವಳು ಫೋನಿನಲ್ಲಿ ಪಾಠ ಕೇಳುವ ಹೆಡ್‌ಫೋನಿನ ಕಡ್ಡಿಯನ್ನು ಟಿವಿಯ ಬದಿಗೆ ಚುಚ್ಚಿದೆ. ಖೋಲಿ ಗಪ್ಪಾಯಿತು. ಅಷ್ಟರಲ್ಲೇ ಕೆಳಗೆ ಸಾವಕ್ಕ ತಮ್ಮ ಟಿವಿಯ ಭಜನೆಯನ್ನು ಓಣಿ ಅದುರುವಂತೆ ಹಚ್ಚಿದ್ದರು. ಆ ಮುದುಕಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ.

ಈಗ ಹೆಡ್‌ಫೋನು ಹಾಸಿಗೆಯ ಮೇಲೆ ಬಿದ್ದಿದೆ. ಅದರೊಳಗೆ ನಿಮ್ಮ ತಮ್ಮ ಸೊಳ್ಳೆಯಷ್ಟು ದನಿಯಲ್ಲಿ ಮಗಳಿಗೆ ಹಾಡುತ್ತಿದ್ದಾರೆ. ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಹಚ್ಚುತ್ತಿದ್ದಾರೆ. ಹಳೆಯ ವಿಡಿಯೋ ಅಷ್ಟೇ ಎಂದು ಗಾರ್ಗಿಗೆ ಹೇಳಿದ್ದೇನೆ. ಅವಳು ನನ್ನ ಮುಖ ನೋಡಿದಳು, ನಂಬಲಿಲ್ಲ.

ಬಾಗಿಲಿಗೆ ಒಳಗಿನಿಂದ ಎರಡೂ ಅಗಳಿ ಹಾಕಿದ್ದೇನೆ. ನಾವು ಎಲ್ಲಿಗೂ ಹೋಗುವುದಿಲ್ಲ, ಇಲ್ಲೇ ಇರುತ್ತೇವೆ. ಸೋಮವಾರ ಕಾಗದ ಮುಟ್ಟಿದ ಮೇಲೆ ನೀವೇ ಬಂದು ಒಂದು ದಾರಿ ಹೇಳಿ.

ನಿಮ್ಮ ಕೈ ಹಿಡಿದು ಹೊಸ್ತಿಲು ದಾಟಿದ ನಿಮ್ಮ ತಂಗಿ,
ವೃಂದಾ

ತಾಜಾ ಕಲಂ: ನಾಲ್ಕು ಗಂಟೆ. ಇದನ್ನು ಅಸ್ಫಾಕರ ವ್ಯಾನಿನಲ್ಲಿ, ವಾಯರಿನ ಸುರುಳಿಗಳ ನಡುವೆ ಕೂತು ಬರೆಯುತ್ತಿದ್ದೇನೆ. ಎಲ್ಲಿಗೂ ಹೋಗುವುದಿಲ್ಲ ಎಂದದ್ದು ಸುಳ್ಳು ಅಕ್ಕ. ಅವರು ಬಾಗಿಲು ಒಡೆದು ಬಂದಿದ್ದರೆ ಮೊದಲು ಕೈಗೆ ಸಿಗುತ್ತಿದ್ದದ್ದು ಈ ಕಾಗದ, ಅದಕ್ಕೇ ಹಾಗೆ ಬರೆದೆ. ಅಸ್ಫಾಕರಿಗೆ ಮಧ್ಯಾಹ್ನವೇ ಫೋನು ಮಾಡಿ ಹೇಳಿಟ್ಟಿದ್ದೆ. ಸಾವಕ್ಕ ನಮ್ಮನ್ನು ಎಮ್ಮೆಯ ದೊಡ್ಡಿಯೊಳಗಿಂದ ಹಿಂದಿನ ಓಣಿಗೆ ದಾಟಿಸಿದರು. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ನಿಮಗೂ ಹೇಳುವುದಿಲ್ಲ, ತಪ್ಪು ತಿಳಿಯಬೇಡಿ. ಬರುವ ಪಂಚಮಿಗೆ ಎಳ್ಳುಂಡಿ ಕಟ್ಟಬೇಡಿ. ಕಟ್ಟಿದರೂ ಅವರ ಎದುರಿಗೆ ನೀವೇ ಒಂದು ತಿನ್ನಿ.

ಟಿವಿಯನ್ನು ಆರಿಸಲಿಲ್ಲ. ಹೆಡ್‌ಫೋನನ್ನು ಗಾರ್ಗಿಯ ದುಪ್ಪಟಿಯಲ್ಲಿ ಸುತ್ತಿಟ್ಟು ಬಂದಿದ್ದೇನೆ. ನಿಮ್ಮ ತಮ್ಮನ ಪಟ್ಟಿಯಲ್ಲಿ ನಾವಿಬ್ಬರೂ ಇನ್ನೂ ಮನೆಯಲ್ಲೇ ಇದ್ದೇವೆ.