ಗಂಟಿನ ಬಾಲ

ತರಬೇತಿ ಶಿಬಿರ
ಮೇ ೧೪, ಬುಧವಾರ

ನನ್ನ ಮುದ್ದು ಮೆಣಸಿನಕಾಯಿಗೆ,

ಅಮ್ಮನ ಆಶೀರ್ವಾದ. ಕೋಪ ಇನ್ನೂ ಇಳಿದಿಲ್ಲವೆಂದು ಗೊತ್ತು. ಆದರೂ ಅರ್ಧಕ್ಕೆ ಮಡಚಿಡದೆ ಕೊನೆಯವರೆಗೂ ಓದು. ಫೋನಿನಲ್ಲಿ ಹೇಳಹೋದರೆ ನೀನು ಒಂದು ಮಾತಾಡುತ್ತೀ, ನಾನು ಎರಡು ಮಾತಾಡುತ್ತೇನೆ, ಆಮೇಲೆ ಇಬ್ಬರೂ ಅಳುತ್ತೇವೆ. ಅದಕ್ಕೇ ಕಾಗದ.

ಮೊದಲು ಒಂದು ಸುಳ್ಳನ್ನು ಒಪ್ಪಿಕೊಂಡುಬಿಡುತ್ತೇನೆ. ನಾನು ನಿನ್ನ ಚಿಕ್ಕಮ್ಮನ ಮನೆಯಲ್ಲಿಲ್ಲ. ಅವಳಿಗೆ ಮಂಡಿನೋವೂ ಇಲ್ಲ, ಪಾಪ, ಚೆನ್ನಾಗಿಯೇ ಓಡಾಡಿಕೊಂಡಿದ್ದಾಳೆ. ನಾನಿರುವುದು ಉತ್ತರದ ಹಿಮದ ಬೆಟ್ಟಗಳ ತಪ್ಪಲಲ್ಲಿ, ಒಂದು ದೊಡ್ಡ ಬಂಡೆಯ ಬುಡದಲ್ಲಿ. ತಲೆಯ ಮೇಲೆ ಹೆಲ್ಮೆಟ್, ಸೊಂಟಕ್ಕೂ ತೊಡೆಗೂ ಬಿಗಿದ ಹಾರ್ನೆಸ್ ಎಂಬ ಪಟ್ಟಿ. ಹೌದು, ಪರ್ವತ ಹತ್ತುವುದನ್ನು ಹೊಸಬರಿಗೆ ಕಲಿಸುವ ಶಿಬಿರಕ್ಕೆ ಸೇರಿದ್ದೇನೆ. ನಗಬೇಡ. ಇಲ್ಲ, ನಗು, ಪರವಾಗಿಲ್ಲ. ನೀನು ನನ್ನ ಮಾತಿಗೆ ನಕ್ಕು ಬಹಳ ದಿನವಾಯಿತು.

ನಿನ್ನ ಅಪ್ಪನಿಗೆ ಎಲ್ಲ ಗೊತ್ತು. ಅಂಗಡಿಯಲ್ಲಿ ಅವರೇ ಕೂತಿದ್ದಾರೆ. ಗುಂಡಿ ಹಚ್ಚಲೂ ಬಾರದವರು ಜನರ ಅಳತೆ ತೆಗೆದುಕೊಳ್ಳುತ್ತಿದ್ದಾರೆ ಎಂದು ನೆನೆದರೆ ಬಂಡೆಗಿಂತ ಅದಕ್ಕೇ ನನಗೆ ಹೆಚ್ಚು ಭಯ.

ನೀನು ಬೆಟ್ಟ ಹತ್ತುತ್ತಿದ್ದೀ ಎಂಬುದು ನೀನು ಬಾಯಿ ಬಿಡುವುದಕ್ಕೆ ಮುಂಚೆಯೇ ನನಗೆ ಗೊತ್ತಿತ್ತು. ರಜೆಗೆ ಬಂದಾಗ ರಿಪೇರಿಗೆಂದು ಕೊಟ್ಟೆಯಲ್ಲ ಆ ಪ್ಯಾಂಟು, ಅದೇ ಹೇಳಿತು. ಲೈಬ್ರರಿಯಲ್ಲಿ ಕೂತು ಓದುವವಳ ಪ್ಯಾಂಟು ಹಿಂಭಾಗದಲ್ಲಿ ಸವೆಯುತ್ತದೆ ಮಗಳೇ, ಮಂಡಿಯಲ್ಲಲ್ಲ. ಬಾಯಿ ಮುಚ್ಚಿಕೊಂಡು ತೇಪೆ ಹಾಕಿಕೊಟ್ಟೆ. ಕಾಲೇಜಿನ ಹುಚ್ಚು, ತಾನಾಗಿ ಬಿಟ್ಟುಹೋಗುತ್ತದೆ ಎಂದುಕೊಂಡೆ. ಆಮೇಲೆ ನೀನು ಹಿಮದ ಬೆಟ್ಟದಲ್ಲಿ ತಿಂಗಳಿಡೀ ನಡೆಯುವ ತರಬೇತಿಗೆ ಆಯ್ಕೆಯಾಗಿ, ಮನೆಯವರ ಒಪ್ಪಿಗೆಯ ಸಹಿ ಬೇಕು ಎಂದು ಬಂದು ನಿಂತೆ. ನಿನ್ನಪ್ಪ ಎಂದಿನಂತೆ, ನಿಮ್ಮಮ್ಮ ಹೂಂ ಅಂದ್ರೆ ನಂದೂ ಹೂಂ ಎಂದು ಪೇಪರಿನೊಳಗೆ ಮುಖ ಹುದುಗಿಸಿದರು. ಬೇಡ ಎನ್ನುವ ಪಾಪ ಈ ಮನೆಯಲ್ಲಿ ಯಾವತ್ತೂ ನನ್ನ ತಲೆಗೇ.

ಏನೂ ಆಗಲ್ಲ ಅಂತ ಮಾತು ಕೊಡು, ಈಗಲೇ ಸಹಿ ಹಾಕ್ತೀನಿ ಎಂದೆ ನಾನು. ನೀನು ಕೊಡಲಿಲ್ಲ. ನನ್ನ ಮೇಲೆ ನಂಬಿಕೆ ಇಲ್ವಾ ಎಂದು ತಿರುಗಿ ಕೇಳಿದೆ ನೀನು. ಆಮೇಲೆ ಬಾಗಿಲ ಹತ್ತಿರ ಹೋಗಿ, ಚೀಲ ಹೆಗಲಿಗೇರಿಸಿಕೊಂಡು, ಗೊತ್ತಿಲ್ಲದ್ದಕ್ಕೆಲ್ಲ ಬೇಡ ಅನ್ನೋದು ಸುಲಭ ಅಮ್ಮ ಎಂದು ಹೇಳಿ ಹಾಸ್ಟೆಲಿಗೆ ಹೊರಟುಹೋದೆ. ಆ ಮಾತು ಮುಳ್ಳಿನಂತೆ ಒಳಗೇ ಮುರಿದುಕೊಂಡಿತು. ಸರಿ, ಗೊತ್ತು ಮಾಡಿಕೊಂಡೇ ಬೇಡ ಎನ್ನುತ್ತೇನೆ ಎಂದು ಹಟ ಹಿಡಿದು ಇಲ್ಲಿಗೆ ಬಂದೆ. ನಿಜ ಹೇಳಬೇಕೆಂದರೆ ನಾನು ಕಲಿಯಲು ಬಂದವಳಲ್ಲ, ನಿನ್ನ ವಿರುದ್ಧ ಸಾಕ್ಷಿ ಹುಡುಕಲು ಬಂದವಳು.

ನಮಗೆ ಕಲಿಸುವವಳು ನಿನಗಿಂತ ಹತ್ತು ವರ್ಷಕ್ಕೆ ದೊಡ್ಡವಳಿರಬಹುದು. ಕಡ್ಡಿಯಂತಿದ್ದಾಳೆ, ಗಂಟಲು ಮಾತ್ರ ಗಂಟೆ. ಎಲ್ಲರೂ ಟೀಚರ್ ಎನ್ನುತ್ತೇವೆ. ಮೊದಲ ದಿನವೇ ನಾನು ಅವಳನ್ನು ಪಕ್ಕಕ್ಕೆ ಕರೆದು, ನಿನ್ನನ್ನು ಕೇಳಿದ್ದನ್ನೇ ಕೇಳಿದೆ: ಇಲ್ಲಿ ಏನೂ ಆಗಲ್ಲ ಅಂತ ಮಾತು ಕೊಡ್ತೀಯಾ? ಅವಳು ಹಗ್ಗ ಸುತ್ತುವುದನ್ನು ನಿಲ್ಲಿಸಲೂ ಇಲ್ಲ. ಮಾತು ಕೊಡೋಕಾಗಲ್ಲ ಟೈಲರಮ್ಮ, ಕಲಿಸೋಕಾಗತ್ತೆ ಎಂದಳು. ಸಿಕ್ಕಿತು ಮೊದಲ ಸಾಕ್ಷಿ ಎಂದು ಮನಸ್ಸಿನಲ್ಲೇ ಬರೆದುಕೊಂಡೆ.

ಇಲ್ಲಿ ಇಬ್ಬಿಬ್ಬರಿಗೆ ಒಂದು ಜೋಡಿ. ಒಬ್ಬರು ಹತ್ತಿದರೆ ಇನ್ನೊಬ್ಬರು ಕೆಳಗೆ ನಿಂತು ಹಗ್ಗ ಹಿಡಿಯಬೇಕು. ನನ್ನ ಜೋಡಿಗೆ ಬಂದವರು ಬಸ್ ಓಡಿಸಿ ನಿವೃತ್ತರಾದ ಒಬ್ಬ ಡ್ರೈವರ್. ಹೊಟ್ಟೆ ಮುಂದೆ, ಅವರು ಹಿಂದೆ. ಜೀವನಪೂರ್ತಿ ಬೆಟ್ಟದ ರಸ್ತೆಯಲ್ಲಿ ಬಸ್ ಓಡಿಸಿದರಂತೆ, ಒಂದು ದಿನವೂ ಇಳಿದು ಬೆಟ್ಟದ ಮೇಲೆ ಕಾಲಿಡಲಿಲ್ಲವಂತೆ. ಅದಕ್ಕೆ ಈಗ ಬಂದಿದ್ದಾರೆ.

ಗಂಟು ಕಟ್ಟುವ ಪಾಠದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಹಗ್ಗವನ್ನು ಹಾರ್ನೆಸ್ಸಿಗೆ ಕಟ್ಟಿಕೊಳ್ಳುವ ಎಂಟರ ಆಕಾರದ ಗಂಟನ್ನು ಉಳಿದವರು ಮಧ್ಯಾಹ್ನದವರೆಗೂ ಗೋಜಲು ಮಾಡುತ್ತಿದ್ದರೆ, ನಾನು ಚಹಾ ಬರುವುದರೊಳಗೆ ಕಲಿತುಬಿಟ್ಟೆ. ಟೀಚರ್ ಹೊಗಳಿದಳು. ನಾನು ಕೋಡು ಮೂಡಿದವಳಂತೆ ಓಡಾಡಿದೆ. ಆದರೆ ಬಂಡೆಯ ಮುಂದೆ ಆ ಕೋಡು ಕೆಲಸಕ್ಕೆ ಬರಲಿಲ್ಲ. ದೂರದ ಬೆಟ್ಟ ನುಣ್ಣಗೆ ಎನ್ನುವ ಮಾತನ್ನು ಎರಡೂ ಮೊಣಕೈಯ ಚರ್ಮ ಕೊಟ್ಟು ಕಲಿತೆ. ಒಂದಾಳೆತ್ತರಕ್ಕೆ ಹೋಗುವಷ್ಟರಲ್ಲಿ ಮೆಷಿನ್ನೇ ಇಲ್ಲದೆ ನನ್ನ ಬಲಗಾಲು ಪೆಡಲ್ ತುಳಿಯತೊಡಗಿತು. ಕೈಯಲ್ಲಿ ಎಳ್ಕೋಬೇಡಿ, ಕಾಲ ಮೇಲೆ ನಿಲ್ಲಿ, ಕಾಲು ನಂಬಿ ಎಂದು ಟೀಚರ್ ಕೆಳಗಿನಿಂದ ಕೂಗುತ್ತಿದ್ದಳು. ಐವತ್ತು ದಾಟಿದವಳಿಗೆ ಕಾಲ ಮೇಲೆ ನಿಲ್ಲುವುದನ್ನು ಹೇಳಿಕೊಡಬೇಕಾಯಿತು ನೋಡು.

ಈಗ ಹೇಳುವುದು ಮೊನ್ನೆಯ ಕಥೆ. ಇದನ್ನು ಬರೆಯುವ ಮೊದಲು ಎರಡು ಸಲ ಪೆನ್ನು ಕೆಳಗಿಟ್ಟೆ.

ಆ ಎಂಟರ ಗಂಟು ಕಟ್ಟಿದ ಮೇಲೆ ಹಗ್ಗದ ತುದಿ ಒಂದು ಗೇಣಿನಷ್ಟು ಹೊರಗೆ ಜೋತಾಡುತ್ತಿರಬೇಕು. ಅದಕ್ಕೆ ಬಾಲ ಎನ್ನುತ್ತಾರೆ. ಗಂಟಿನ ಮೇಲೆ ಭಾರ ಬಿದ್ದಾಗ ಹಗ್ಗ ಒಳಗೊಳಗೇ ಸರಿಯುತ್ತದೆಯಂತೆ, ಆ ಸರಿದಾಟಕ್ಕೆ ಬಾಲ ಬೇಕು. ಟೀಚರ್ ಇದನ್ನೆಲ್ಲ ಹೇಳಿದ್ದಳು, ನಾನು ಕೇಳಿಸಿಕೊಂಡೂ ಇದ್ದೆ. ಆದರೆ ಕಿವಿ ಕೇಳಿದ್ದನ್ನು ಕೈ ಕೇಳಬೇಕಲ್ಲ! ನನ್ನ ಕೈ ನಿನಗೆ ಗೊತ್ತು. ಅಂಗಡಿಗೆ ಬಂದವರ ಭುಜದ ಮೇಲೆ ಒಂದು ನೂಲು ಕಂಡರೂ ಮಾತಿನ ಮಧ್ಯೆ ಕಿತ್ತು ಹಾಕುತ್ತೇನೆ. ನೂಲು ಜೋತಾಡಿದರೆ ಹೊಲಿದವಳ ಮಾನ ಜೋತಾಡಿದ ಹಾಗೆ ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು.

ಅವತ್ತು ಡ್ರೈವರ್ ಗಂಟು ಕಟ್ಟಿಕೊಂಡು, ಕತ್ತೆತ್ತಿ ಬಂಡೆಯನ್ನು ನೋಡುತ್ತಾ ನಿಂತಿದ್ದರು. ಬಾಲ ಅವರ ಹೊಟ್ಟೆಯ ಮೇಲೆ ಅಸಹ್ಯವಾಗಿ ಅಲ್ಲಾಡುತ್ತಿತ್ತು. ನನ್ನ ಕೈ ಹೋಯಿತು. ಗಂಟನ್ನು ಸಡಿಲಿಸಿ, ತುದಿಯನ್ನು ಒಳಕ್ಕೆಳೆದು, ಎರಡು ಬೆರಳಿನಷ್ಟೇ ಉಳಿಸಿ, ಅದನ್ನೂ ಮಡಿಕೆಯೊಳಗೆ ಸಿಕ್ಕಿಸಿ, ಇಸ್ತ್ರಿ ಮಾಡಿದ ಹಾಗೆ ಸವರಿಬಿಟ್ಟೆ. ನಾನು ಪಟ್ಟಿ ಸರಿಮಾಡುತ್ತಿದ್ದೇನೆ ಎಂದುಕೊಂಡರಂತೆ ಅವರು. ನನಗೋ, ಮಾಡಿದ್ದು ತಲೆಗೇ ಹೋಗಿರಲಿಲ್ಲ. ಹತ್ತುವ ಮೊದಲು ಪ್ರತಿಯೊಬ್ಬರೂ ತಮ್ಮ ಗಂಟನ್ನೂ ಜೋಡಿಯ ಗಂಟನ್ನೂ ಕೈಯಿಂದ ಮುಟ್ಟಿ, ಬಾಯಿಬಿಟ್ಟು ಹೇಳಬೇಕೆಂಬುದು ಇಲ್ಲಿನ ಕ್ರಮ. ಡ್ರೈವರ್ ತಮ್ಮ ಗಂಟು ಮುಟ್ಟಿದರು. ನಿಂತರು. ಇದು ನಾನು ಕಟ್ಟಿದ ಗಂಟಲ್ಲ ಎಂದರು.

ಆಗ ನೆನಪಾಯಿತು ಮಗಳೇ, ಅದು ನನ್ನ ಕೈಯ ಕೆಲಸ ಎಂದು ಒಪ್ಪಿಕೊಂಡೆ. ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಟೀಚರ್ ಕಲ್ಲು ತುಂಬಿದ ಚೀಲವೊಂದನ್ನು ಹಗ್ಗಕ್ಕೆ ಕಟ್ಟಿ, ನಾನು ಮಾಡಿದಷ್ಟೇ ಬಾಲ ಬಿಟ್ಟು, ಎಳೆದೆಳೆದು ಬಿಟ್ಟು ತೋರಿಸಿದಳು. ಎರಡು ಬೆರಳಿನ ಬಾಲ ಒಂದು ಬೆರಳಾಯಿತು, ಉಗುರಿನಷ್ಟಾಯಿತು. ಇನ್ನೂ ನೋಡ್ಬೇಕಾ ಎಂದಳು. ಬೇಡ ಎಂದೆ.

ನಿನ್ನ ಕೈ ಜಾರೀತು, ನೀನು ಎಡವೀಯೆ, ನಿನ್ನ ಹುಡುಗಾಟಿಕೆ ನಿನ್ನನ್ನು ನುಂಗೀತು ಎಂದೆಲ್ಲ ಹೆದರಿ ಬಂದವಳು ನಾನು. ಇಲ್ಲಿ ಒಬ್ಬರ ಜೀವಕ್ಕೆ ಕುತ್ತು ತಂದದ್ದು ನನ್ನ ಅಚ್ಚುಕಟ್ಟು. ಮನೆಗೆ ಹೊರಡಲು ನನ್ನ ಚೀಲ ಕಟ್ಟಿದೆ. ಕಾಲಿಗೆ ಬುದ್ಧಿ ಹೇಳುವುದೇ ಸರಿ ಎನಿಸಿತು. ಬಿಸಿಲಲ್ಲಿ ಶೂ ಒಣಹಾಕಿದ್ದ ಕಡೆ ಡ್ರೈವರ್ ಬಂದು ನಿಂತು, ಎಲ್ಲಿಗೆ ಹೊರಟ್ರಿ, ನನ್ನ ಹಗ್ಗ ಯಾರು ಹಿಡೀತಾರೆ ಎಂದು ಕೇಳಿದರು. ಇಷ್ಟಾದ ಮೇಲೂ ನನ್ನನ್ನು ನಂಬುತ್ತೀರಾ ಎಂದೆ. ಅವರು ನಗಲಿಲ್ಲ. ನಂಬೋದೇನು ಬಂತಮ್ಮ, ಮೂವತ್ತು ವರ್ಷ ಓಡಿಸಿದ ಬಸ್ಸನ್ನೇ ನಾನು ನಂಬಿಲ್ಲ, ಬೆಳಿಗ್ಗೆ ಬೆಳಿಗ್ಗೆ ಬ್ರೇಕ್ ಒತ್ತಿ ನೋಡ್ತಿದ್ದೆ, ನಾನೂ ಮುಟ್ಟಿ ನೋಡ್ತೀನಿ, ನೀವೂ ಮುಟ್ಟಿ ನೋಡಿ, ಅಷ್ಟೇ ತಾನೆ ಎಂದರು. ಚೀಲ ಬಿಚ್ಚಿದೆ. ಅವತ್ತು ಸಂಜೆ ಅವರು ಹತ್ತಿದರು, ನಾನು ಹಗ್ಗ ಹಿಡಿದೆ. ಮೇಲೆ ಮುಟ್ಟಿ ಅವರು ಕೂಗಿದ ಕೂಗು ಕೇಳಿ ನನಗೆ ಅಳು ಬಂತು.

ನಮ್ಮ ಮನೆಯಲ್ಲಿ ನಾನು ಏನು ಕೇಳಿದರೂ ನಿನಗದು ಅನುಮಾನವಾಗಿ ಕೇಳಿಸುತ್ತದೆ. ನೀನು ಏನು ಹೇಳದಿದ್ದರೂ ನನಗದು ಮುಚ್ಚುಮರೆಯಾಗಿ ಕಾಣುತ್ತದೆ. ಇಲ್ಲಿ ಅರ್ಧ ಗಂಟೆಗೊಮ್ಮೆ ಒಬ್ಬರು ಇನ್ನೊಬ್ಬರ ಹೊಟ್ಟೆಯ ಮೇಲಿನ ಗಂಟು ಎಳೆದು ನೋಡುತ್ತಾರೆ, ಯಾರ ಮೂತಿಯೂ ಊದಿಕೊಳ್ಳುವುದಿಲ್ಲ. ಊರಿನಲ್ಲಿ ಅನುಮಾನದ ಪ್ರಾಣಿ ಎನಿಸಿಕೊಂಡವಳಿಗೆ ಇಲ್ಲಿ ಶಹಬ್ಬಾಸ್‌ಗಿರಿ ಸಿಕ್ಕುತ್ತಿದೆ ಎಂದರೆ ನಂಬುತ್ತೀಯಾ?

ನಿನ್ನೆ ಇನ್ನೊಂದು ನಡೆಯಿತು. ನಮ್ಮ ತಂಡದ ಒಬ್ಬ ಹೆಂಗಸು ಬಂಡೆಯ ಮೇಲಿನಿಂದ ಬಿದ್ದಳು. ಗಾಬರಿಯಾಗಬೇಡ, ಹಗ್ಗ ಹಿಡಿಯಿತು. ಮೇಲಿನ ಕಲ್ಲಿನ ಅಂಚಿಗೆ ಕೈ ಹಾಕುವಾಗ ಕಾಲು ಜಾರಿ ಕೆಳಗೆ ಬಂದು, ಬಾವಿಯ ಕೊಡದಂತೆ ನೇತಾಡಿದಳು. ಭುಜ ಬಂಡೆಗೆ ಉಜ್ಜಿ ತೋಳು ಹರಿಯಿತು, ಅಂಗಿಯ ತೋಳು. ಕೆಳಗಿಳಿಸಿದ ಮೇಲೆ ನೀರು ಕುಡಿದು ಎದ್ದು ಓಡಾಡಿದಳು. ಅವಳನ್ನು ಹಿಡಿದದ್ದು ದೇವರೂ ಅಲ್ಲ, ಅದೃಷ್ಟವೂ ಅಲ್ಲ. ಹತ್ತುವ ಮೊದಲು ಮುಟ್ಟಿ ನೋಡಿದ ಒಂದು ಗಂಟು, ಕೆಳಗೆ ಎಚ್ಚರವಾಗಿದ್ದ ಒಂದು ಜೊತೆ ಕೈ.

ನಾಳೆ ಮೇಲಿನ ಹಿಮದ ಇಳಿಜಾರಿಗೆ ಕರೆದೊಯ್ಯುತ್ತಾರೆ. ಬೇಕೆಂದೇ ಜಾರಿ, ಹಿಮಕ್ಕೆ ಕೊಡಲಿ ಊರಿ ನಿಲ್ಲುವುದನ್ನು ಕಲಿಸುತ್ತಾರಂತೆ. ಜಾರುವುದಕ್ಕೂ ಒಂದು ತರಗತಿ!

ಸರಿ, ಸುತ್ತಿ ಬಳಸಿದ್ದು ಸಾಕು. ನೀನು ಮನೆಯಲ್ಲೇ ಬಿಟ್ಟುಹೋಗಿದ್ದ ಒಪ್ಪಿಗೆ ಪತ್ರವನ್ನು ನನ್ನ ಚೀಲದಲ್ಲಿ ತಂದಿದ್ದೆ, ಅದಕ್ಕೆ ಸಹಿ ಹಾಕಿ ಇದರ ಜೊತೆಯಲ್ಲೇ ಇಟ್ಟಿದ್ದೇನೆ. ಹೋಗಿ ಬಾ. ಹೆದರಿಕೆ ಹೋಗಿದೆ ಎಂದುಕೊಳ್ಳಬೇಡ. ಅದು ಬರುವಾಗ ಇದ್ದದ್ದಕ್ಕಿಂತ ದಪ್ಪವಾಗಿದೆ, ಏಕೆಂದರೆ ಈಗ ನನಗೆ ಏನೇನು ಆಗಬಹುದೆಂದು ವಿವರವಾಗಿ ಗೊತ್ತು. ಆದರೂ ಹೋಗು. ಏನೂ ಆಗಲ್ಲ ಎಂಬ ಮಾತನ್ನು ಇನ್ನು ನಿನ್ನಿಂದ ಕೇಳುವುದಿಲ್ಲ. ಅದು ಯಾರೂ ಕೊಡಲಾಗದ ಮಾತು, ಕೇಳಿದ್ದೇ ನನ್ನ ತಪ್ಪು. ಬದಲಿಗೆ ಬೇರೆ ಒಂದು ಕೇಳುತ್ತೇನೆ. ಬಿದ್ದರೆ ಬಿದ್ದೆ ಅಂತ ಹೇಳು. ತರಚಿದರೆ ತರಚಿತು ಅಂತ ಹೇಳು. ಪ್ಯಾಂಟು ನೋಡಿ ಮಗಳ ವಿಷಯ ತಿಳಿದುಕೊಳ್ಳುವ ಗತಿ ನನಗೆ ಬೇಡ. ನಾನು ಕಿರುಚಬಹುದು, ಒಂದು ಹೊತ್ತು ಊಟ ಬಿಡಬಹುದು, ಅದನ್ನು ನೀನು ಸಹಿಸಿಕೊಳ್ಳಬೇಕು. ಮುಚ್ಚಿಡಬೇಡ, ಅಷ್ಟೇ.

ನಿನ್ನ ಮೇಲೆ ನನಗೆ ಬಹಳ ಪ್ರೀತಿ. ಇದನ್ನು ಬಾಯಲ್ಲಿ ಹೇಳಲು ಹೋದಾಗಲೆಲ್ಲ ಬೈಗುಳವಾಗಿಯೇ ಹೊರಬಂದಿದೆ. ಕಾಗದದಲ್ಲಾದರೂ ನೆಟ್ಟಗೆ ಬರಲಿ.

ಹೆದರುತ್ತಲೇ ಹೂಂ ಎಂದ,
ನಿನ್ನ ಅಮ್ಮ

ಮರೆತ ಮಾತು: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದೆ. ಮುಚ್ಚಿಡಬೇಡ ಎಂದು ನಿನಗೆ ಉಪದೇಶ ಮಾಡಿದ ಕೈಯೇ ಅದರ ಮೇಲಿನ ಪುಟದಲ್ಲಿ ಮುಚ್ಚಿಟ್ಟಿದೆ. ಬಿದ್ದ ಆ ಹೆಂಗಸು ನಾನೇ. ಹಗ್ಗ ಹಿಡಿದಿದ್ದವರು ಡ್ರೈವರ್. ಭುಜ ಸ್ವಲ್ಪ ನೀಲಿಯಾಗಿದೆ, ಮುರಿದಿಲ್ಲ, ಟೀಚರ್ ನೋಡಿದ್ದಾಳೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ, ಹಾಗೆ ನಿನಗೆ ಕಥೆ ಹೇಳಲು ಹೊರಟಿದ್ದೆ. ಅಲ್ಲಿ ನೇತಾಡುತ್ತಿದ್ದಾಗ ಜೀವದ ಚಿಂತೆ ಆಮೇಲೆ ಬಂತು ಕಣೇ. ಮೊದಲು ಬಂದದ್ದು, ಅಯ್ಯೋ, ಇದು ಮಗಳಿಗೆ ಗೊತ್ತಾದರೆ ಇನ್ನು ಮುಂದೆ ನನ್ನನ್ನು ಹತ್ತಲು ಬಿಡುವುದಿಲ್ಲ ಎಂಬ ಭಯ. ಸಹಿ ಕೇಳಿದ ಆ ದಿನ ನೀನು ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ಹೇಗೆ ನಿಂತಿದ್ದೆ ಎಂದು ಆಗ ನನಗೆ ತಿಳಿಯಿತು. ಮುಂದಿನ ತಿಂಗಳು ಇಲ್ಲಿ ಎರಡನೆಯ ಹಂತ ಶುರುವಾಗುತ್ತದೆ. ಡ್ರೈವರ್ ಹೆಸರು ಕೊಟ್ಟಾಗಿದೆ. ನಾನಿನ್ನೂ ಕೊಟ್ಟಿಲ್ಲ. ನಿನ್ನಪ್ಪನನ್ನು ಕೇಳಿದರೆ, ಮಗಳು ಹೂಂ ಅಂದ್ರೆ ನಂದೂ ಹೂಂ ಅನ್ನುತ್ತಾರೆ. ಹೋಗಲೇನೇ?