ಒಂದು ಅರ್ಹತೆ ಕಡಿಮೆ

ಶಿಡ್ಲಘಟ್ಟ
೧೪ ಜೂನ್ ೨೦೨೫

ತಮ್ಮ ಯೋಗನರಸಿಂಹನಿಗೆ,

ಮಂಡಿನೋವೊಂದು ಬಿಟ್ಟರೆ ನಾನು ಕ್ಷೇಮ. ಬರೆಯುವುದು ತಡವಾಯಿತು, ಬೇಸರಿಸಬೇಡ. ಫೋನಿನಲ್ಲಾದರೆ ನೀನು ‘ರೂಲ್ಸು’ ಅನ್ನುತ್ತೀಯ, ನಾನು ಸಿಟ್ಟಿನಲ್ಲಿ ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ.

ನಿನ್ನ ಮಗಳು ಅಕ್ಷಯಾ ನನ್ನ ಮನೆಯಲ್ಲಿದ್ದುಕೊಂಡು ಬಯ್ಯಪ್ಪನ ರೇಷ್ಮೆ ರೀಲಿಂಗ್ ಘಟಕದ ಯಂತ್ರಗಳನ್ನು ನೋಡಿಕೊಳ್ಳತೊಡಗಿ ವರ್ಷವಾಯಿತು. ಈಗ ಗೌರಿಬಿದನೂರಿನ ಕಾರ್ಖಾನೆಯೊಂದು ಯಂತ್ರ ನಿರ್ವಹಣೆಗೆ ಎಂಜಿನಿಯರ್ ಬೇಕೆಂದು ಜಾಹೀರಾತು ಕೊಟ್ಟಿದೆ. ಕೇಳಿದ್ದೆಲ್ಲ ಇವಳಲ್ಲಿದೆ, ಅನುಭವ ಮಾತ್ರ ಎರಡು ವರ್ಷದ್ದು ಬೇಕಂತೆ. ಬರುವ ಶುಕ್ರವಾರ ಕಡೆಯ ದಿನ. ಹಾಕುವುದಿಲ್ಲ ಅನ್ನುತ್ತಾಳೆ.

“ಅಪ್ಪ ಹೇಳಿದಾರಲ್ಲ ಅತ್ತೆ, ಒಂದು ಕಮ್ಮಿಯಿದ್ರೂ ಪಕ್ಕಕ್ಕಿಡ್ತಾರೆ ಅಂತ.”

ಸರ್ಕಾರಿ ಕಚೇರಿಯಲ್ಲಿ ಜೀವಮಾನವೆಲ್ಲ ಅರ್ಜಿ ಪರಿಶೀಲಿಸಿ, ಕೆಂಪು ಶಾಯಿಯಲ್ಲಿ ‘ತಿರಸ್ಕೃತ’ ಎಂದು ಬರೆದವನು ನೀನು. ನಿವೃತ್ತನಾಗುವಾಗ ಆ ಪೆನ್ನನ್ನು ಅಲ್ಲೇ ಬಿಟ್ಟು ಬರಬಾರದಿತ್ತೇ? ಇದು ಅಧಿಸೂಚನೆಯಲ್ಲ ಕಣೋ, ವ್ಯಾಪಾರಸ್ಥರ ಜಾಹೀರಾತು. ಕಳೆದ ಸಲವೂ ಇವಳು ಅರ್ಜಿ ಹಾಕದೆ ಹೀಗೇ ಬಿಟ್ಟಳು. ಕಾಲೇಜಿನಲ್ಲಿ ಇವಳ ಪ್ರಾಜೆಕ್ಟ್ ನೋಡಿ ಬರೆದುಕೊಂಡ ಸಹಪಾಠಿ ಮುರಳಿಮೋಹನ್ ಅರ್ಜಿ ಹಾಕಿದ, ಅವನಿಗೇ ಸಿಕ್ಕಿತು. ಸ್ವೀಟು ಕೊಡಲು ಇಲ್ಲಿಗೂ ಬಂದಿದ್ದ. ಇವಳು ನಗುನಗುತ್ತ ತೆಗೆದುಕೊಂಡಳು, ತಿನ್ನಲಿಲ್ಲ.

ಬಯ್ಯಪ್ಪನಿಗೆ ಹೇಳಿದೆ. ಇವಳು ಹೋದರೆ ನಷ್ಟವಾಗುವುದು ಅವನಿಗೇ. ಆದರೂ ಇವಳನ್ನೇ ಕರೆದು ಗದರಿದ: “ಏನಮ್ಮ ನೀನು! ಅವ್ರು ಕೇಳಿದ್ದೆಲ್ಲಾ ಇರೋನು ಗೌರಿಬಿದನೂರಿಗ್ಯಾಕೆ ಬರ್ತಾನೆ? ಬದನೆಕಾಯಿ ತಗೊಂಡೋರು ಎರಡೆಸಳು ಕರಿಬೇವೂ ಹಾಕಪ್ಪ ಅನ್ನಲ್ವಾ? ಇಲ್ಲ ಅಂದ್ರೆ ಬದನೆಕಾಯಿ ವಾಪಸ್ ಕೊಡ್ತಾರಾ? ವೇಸೆಯ್ ತಲ್ಲೀ, ಹಾಕ್ಬಿಡು!”

ನಕ್ಕಳು. ಲ್ಯಾಪ್‌ಟಾಪ್ ತೆರೆದಳು. “ಅಪ್ಪನ್ನ ಒಂದ್ಮಾತು ಕೇಳ್ಬಿಟ್ಟು…” ಎಂದು ಮುಚ್ಚಿದಳು. ಕೇಳಲೂ ಇಲ್ಲ.

ನನಗೆ ವಾದಿಸಿ ಸಾಕಾಗಿದೆ. ಚಿಕ್ಕಬಳ್ಳಾಪುರಕ್ಕೆ ಹೊರಟಿರುವ ಬಯ್ಯಪ್ಪನ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ. ಓದಿದ ಕೂಡಲೇ ಅವಳಿಗೆ ಫೋನ್ ಮಾಡಿ “ಹಾಕಮ್ಮ” ಅನ್ನು. ಅಷ್ಟು ಸಾಕು.

ನಿನ್ನ ಬಿ.ಪಿ. ಹತೋಟಿಯಲ್ಲಿರಲಿ. ಶ್ರೀವಲ್ಲಿಯ ಕಣ್ಣು ಬೇಗ ವಾಸಿಯಾಗಲಿ. ದಂಪತಿಗಳಿಬ್ಬರಿಗೂ ನನ್ನ ಆಶೀರ್ವಾದ.

ನಿನ್ನ ಅಕ್ಕ,
ಸಾವಿತ್ರಮ್ಮ

ತಾ.ಕ.: ಗುಮಾಸ್ತನ ಹುದ್ದೆಗೆ ಅರ್ಜಿ ಹಾಕಿದಾಗ ನಿನಗೂ ಟೈಪಿಂಗ್ ಬರುತ್ತಿರಲಿಲ್ಲ. “ಹಾಕೋ, ಆಮೇಲೆ ಕಲಿತರಾಯ್ತು” ಅಂದರು ಅಪ್ಪ. ಅದೇ ವಾರ ನಾನೂ ರೇಡಿಯೊ ಜೋಡಿಸುವ ಕೆಲಸಕ್ಕೆ ಅರ್ಜಿ ಬರೆದಿಟ್ಟಿದ್ದೆ. “ನಿನಗೆ ಒಂದು ಅರ್ಹತೆ ಕಮ್ಮಿಯಿದೆಯಲ್ಲಮ್ಮ” ಅಂದರು ಅದೇ ಅಪ್ಪ. ನೀನು ಪಕ್ಕದಲ್ಲೇ ಕೂತು ನಿನ್ನ ಅರ್ಜಿಗೆ ಸಹಿ ಹಾಕುತ್ತಿದ್ದೆ. ತಲೆಯೆತ್ತಲಿಲ್ಲ.