ಮೇಲಿನ ಕಂಬಿಯ ನಾಲ್ಕು ಟೈರುಗಳು

ಟೈರು ಷೆಡ್ಡು, ರೇಸ್ ಟ್ರ್ಯಾಕಿನ ಹಿಂಬಾಗಿಲು
ಹದಿನಾಲ್ಕನೇ ತಾರೀಖು, ಶನಿವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿ ನೋವು ಸ್ವಲ್ಪವಾದರೂ ಇಳಿಯಿತೇ? ಮಗಳ ಮನೆಯ ಲಿಫ್ಟು ವಾರಕ್ಕೆರಡು ಸಲ ಕೈಕೊಡುತ್ತದೆ ಎಂದು ಬರೆದಿದ್ದೆ. ಮೂರು ಮಹಡಿಯನ್ನೂ ಒಂದೇ ಉಸಿರಿಗೆ ಹತ್ತಬೇಡ. ಒಂದೊಂದು ಮಹಡಿಯಲ್ಲೂ ನಿಂತು, ಯಾರ ಮನೆಯ ಬಾಗಿಲಲ್ಲಿ ಎಷ್ಟು ಜೋಡಿ ಚಪ್ಪಲಿ ಇದೆ ಎಂದು ನೋಡಿಕೊಂಡು ಹತ್ತು. ನಿನಗೆ ಹೇಗೂ ಆ ಲೆಕ್ಕ ಬೇಕೇ ಬೇಕು. ಇಲ್ಲಿ ನಾವು ಚೆನ್ನಾಗಿದ್ದೇವೆ. ನನ್ನವಳು ಹೊಲಿಗೆ ಮಿಷನ್ನಿಗೆ ಮೋಟರು ಹಾಕಿಸಿಕೊಂಡ ಮೇಲೆ ನನ್ನ ಯಾವ ಮಾತೂ ಅವಳ ಕಿವಿಗೆ ಬೀಳುವುದಿಲ್ಲ. ಬಿದ್ದರೂ ತಪ್ಪನ್ನು ಮೋಟರಿನ ತಲೆಗೆ ಕಟ್ಟುತ್ತಾಳೆ. ನನ್ನ ಸೊಂಟ ಹಾಗೇ ಇದೆ, ಬಗ್ಗಿದರೆ ಏಳುವುದಿಲ್ಲ, ಎದ್ದರೆ ಬಗ್ಗುವುದಿಲ್ಲ.

ನಿನ್ನ ಪತ್ರ ಮಂಗಳವಾರವೇ ಬಂತು. ನಾಲ್ಕು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ನಿನ್ನ ಮಗಳು, ನಮ್ಮ ಹುಡುಗಿ, ಅಪ್ಪನ ಹಾಗೆ ತಾನೂ ಟ್ರ್ಯಾಕಿಗೆ ಇಳಿಯುತ್ತೇನೆಂದು ಹಟ ಹಿಡಿದಿದ್ದಾಳೆ, ಅವಳ ಕಾರಿಗೆ ಯಾವ ಟೈರು ಹಾಕಿಸಬೇಕು ಎಂದು ಕೇಳಿದ್ದೀಯ. ಅದರ ಕೆಳಗೇ "ಟೈರಿನ ವಿಷಯದಲ್ಲಿ ನಾನಿನ್ನು ಬಾಯಿ ಬಿಡೋದಿಲ್ಲ ಕಣೋ, ಒಂದು ಸಲ ಬಿಟ್ಟಿದ್ದಕ್ಕೆ ಏನಾಯ್ತು ಅಂತ ನೋಡಿದ್ದೀಯಲ್ಲ" ಎಂದೂ ಬರೆದಿದ್ದೀಯ. ಆ ಸಾಲಿನ ಮಡಿಕೆ ಈಗ ಹರಿಯುವ ಹಾಗಾಗಿದೆ, ಅಷ್ಟು ಸಲ ಓದಿದ್ದೇನೆ. ಹೋದ ವರ್ಷ ಭಾವ ಎರಡು ತಿಂಗಳಿಗೊಂದು ಸೆಟ್ಟು ಮೆತ್ತನೆಯ ಟೈರು ಸವೆಸುವುದನ್ನು ನೋಡಿ ನೋಡಿ ಸಾಕಾಗಿ ನೀನು ಷೆಡ್ಡಿಗೇ ಬಂದೆ. ಗಟ್ಟಿ ಟೈರಿನ ಒಂದು ಸೆಟ್ಟು ಆರಿಸಿ, "ಇದನ್ನ ಹಾಕಿಬಿಡು, ಎರಡು ವರ್ಷ ಬರಲಿ" ಎಂದೆ. ಮುಂದಿನ ಶನಿವಾರವೇ, ಊಟದ ಬಿಡುವಿಗೆ ಮುಂಚಿನ ಕೊನೆಯ ಸುತ್ತಿನಲ್ಲಿ, ಮೂರನೇ ತಿರುವಿನಲ್ಲಿ ಕಾರು ಜಾರಿ ಭಾವ ಹೋದರು. ಹದಿನಾಲ್ಕು ತಿಂಗಳಾಯಿತು. ನೀನು ಇವತ್ತಿಗೂ ನಿನ್ನ ಆ ಒಂದು ಮಾತನ್ನೇ ಹಿಡಿದುಕೊಂಡು ಕೂತಿದ್ದೀಯ.

ಮೊದಲು ಹುಡುಗಿಯ ವಿಷಯ ಹೇಳಿಬಿಡುತ್ತೇನೆ. ಟೈರಿನ ಪಕ್ಕೆಯ ಮೇಲೆ ಒಂದು ಅಂಕಿ ಅಚ್ಚಾಗಿರುತ್ತದೆ. ನೂರು ಎಂದಿದ್ದರೆ ಮೆತ್ತಗೆ, ರಸ್ತೆಯನ್ನು ಅಪ್ಪಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ನಾನೂರು ಎಂದಿದ್ದರೆ ಗಟ್ಟಿ, ಬಹಳ ಕಾಲ ಬರುತ್ತದೆ, ಆದರೆ ತಿರುವಿನಲ್ಲಿ ಹಿಡಿತ ಕಡಿಮೆ. ಭಾವ ಡ್ರಾಯಿಂಗ್ ಮೇಷ್ಟ್ರಲ್ಲವೇ, ಅವರು ಹೇಳುತ್ತಿದ್ದದ್ದು ನೆನಪಿದೆಯಲ್ಲ: "ಮೆತ್ತನೆ ಪೆನ್ಸಿಲ್ಲು ಬೇಗ ಮುಗಿಯುತ್ತೆ ಕಣಯ್ಯ, ಆದ್ರೆ ಗೆರೆ ಎಷ್ಟು ಕಪ್ಪಗೆ ಬೀಳುತ್ತೆ ನೋಡು." ಹೊಸಬರಿಗೆ ಮಾತ್ರ ಆ ಕಪ್ಪು ಗೆರೆ ಬೇಡ. ಮೆತ್ತನೆಯ ಟೈರು ಓಡಿಸುವವರ ತಪ್ಪನ್ನೆಲ್ಲ ಮುಚ್ಚಿಕೊಳ್ಳುತ್ತದೆ, ಮುಚ್ಚಿಕೊಂಡು ಮುಚ್ಚಿಕೊಂಡು ಒಂದು ಕ್ಷಣ ಏನೂ ಹೇಳದೆ ಕೈಬಿಡುತ್ತದೆ. ಸ್ವಲ್ಪ ಗಟ್ಟಿಯಾದದ್ದು ಮೊದಲೇ ಕಿರುಚುತ್ತದೆ, ನಿಧಾನಿಸು ಎಂದು ಹೇಳುತ್ತದೆ. ಅವಳಿಗೆ ಇನ್ನೂರು, ಮುನ್ನೂರರ ನಡುವಿನದು ಸಾಕು. ಒಂದು ವರ್ಷ ಅದರ ಮೇಲೆ ಕಲಿಯಲಿ. ಇನ್ನೊಂದು ಮಾತು, ಇದನ್ನು ಅವಳಿಗೆ ಎರಡು ಸಲ ಓದಿ ಹೇಳು. ಅಚ್ಚು, ಅಂದರೆ ಮೈಮೇಲಿನ ಗೀರುಗಳು, ಆಳವಾಗಿದೆ ಎಂದು ಟೈರನ್ನು ನಂಬಬಾರದು. ಮೆತ್ತನೆಯ ಟೈರು ಕಾದು ಆರಿ, ಕಾದು ಆರಿ, ಒಳಗೇ ಕಲ್ಲಾಗುತ್ತದೆ. ಕಣ್ಣಿಗೆ ಇನ್ನೂ ಅರ್ಧ ಬಾಳಿಕೆ ಕಾಣುತ್ತಿರುತ್ತದೆ, ಹಿಡಿತ ಎಂದೋ ಹೋಗಿರುತ್ತದೆ. ಉಗುರು ಒತ್ತಿ ನೋಡಬೇಕು. ಗುರುತು ಉಳಿಯದಿದ್ದರೆ ಯಾರು ಏನೇ ಹೇಳಿದರೂ ಬೇಡ ಎನ್ನಬೇಕು. ಯಾರೇ ಹೇಳಿದರೂ.

ಈಗ ಇಲ್ಲಿನ ಸುದ್ದಿ. ಹೇಗೆ ಬರೆಯಬೇಕೋ ಗೊತ್ತಾಗುತ್ತಿಲ್ಲ. ಸೊಂಟದ ಜೊತೆ ತಲೆಯೂ ಹೋಯಿತು ಎಂದುಕೊಳ್ಳಬೇಡ. ಷೆಡ್ಡಿನ ಹಿಂಗೋಡೆಗೆ ಮೂರು ಕಬ್ಬಿಣದ ಕಂಬಿಗಳಿವೆಯಲ್ಲ, ಮೇಲಿನ ಕಂಬಿಯಲ್ಲಿ ಒಂದು ಸೆಟ್ಟು ಬಹಳ ದಿನದಿಂದ ಹಾಗೇ ಕೂತಿತ್ತು. ಯಾವ ಕಾರಿಗೂ ಏರಿಲ್ಲ. ಹೊಸ ಟೈರಿನ ಮೈಮೇಲೆ ಎರಕ ಹೊಯ್ಯುವಾಗ ಬಂದ ಸಣ್ಣ ರಬ್ಬರು ಕೂದಲು ಇರುತ್ತದೆ, ಅದೂ ಉದುರಿರಲಿಲ್ಲ. ಯಾರದ್ದು ಎಂದು ಆಮೇಲೆ ಹೇಳುತ್ತೇನೆ. ಧೈರ್ಯ ಬಂದರೆ. ನಾಲ್ಕು ತಿಂಗಳ ಹಿಂದೆ ಧೂಳು ಒರೆಸಲು ಕೆಳಗಿಳಿಸಿದಾಗ ಕೂದಲು ಒಂದೂ ಇರಲಿಲ್ಲ. ಇಲಿಯ ಕೆಲಸ ಇರಬೇಕು ಎಂದುಕೊಂಡೆ. ಚಕ್ರಗಳ ತೂಕ ಸರಿಮಾಡುವ ನಮ್ಮ ಬ್ಯಾಲೆನ್ಸಮ್ಮ ಗೊತ್ತಲ್ಲ, ಹದಿನೆಂಟು ವರ್ಷದಿಂದ ನನ್ನ ಪಕ್ಕದಲ್ಲೇ ಕೆಲಸ ಮಾಡುತ್ತಾ ನನ್ನನ್ನೇ ಬೈಯುವವಳು, ಅವಳು ಅಚ್ಚಿನ ಆಳ ಅಳೆಯುವ ಮುಳ್ಳು ಇಟ್ಟು ನೋಡಿದಳು. ಏಳು ಮಿಲಿಮೀಟರು ಇರಬೇಕಾದ್ದು ಒಂದರಲ್ಲಿ ಆರೂವರೆಯೂ ಇರಲಿಲ್ಲ. "ಇಲಿಗೆ ಇಷ್ಟು ಸಮವಾಗಿ ಕಡಿಯೋಕೆ ಯಾರು ಕಲಿಸಿದ್ರು?" ಎಂದಳು. ಇಬ್ಬರೂ ನಕ್ಕೆವು. ನಕ್ಕದ್ದು ಅವತ್ತೇ ಕೊನೆ.

ಟ್ರ್ಯಾಕು ತೆರೆಯುವುದು ತಿಂಗಳಿಗೆ ಎರಡು ಶನಿವಾರ. ಆ ದಿನಗಳಲ್ಲೇ, ಬೇರೆ ದಿನ ಅಲ್ಲ, ಅಚ್ಚು ಇಳಿಯುತ್ತಿತ್ತು. ಬೆಳಿಗ್ಗೆ ಅಳೆದರೆ ಒಂದು, ಊಟದ ಹೊತ್ತಿಗೆ ಇನ್ನೊಂದು. ನಾಲ್ಕರಲ್ಲಿ ಒಂದು ಮಾತ್ರ ಹೆಚ್ಚು ಸವೆಯುತ್ತಿತ್ತು, ಅದೂ ಹೊರಗಿನ ಅಂಚು. ನಮ್ಮ ಟ್ರ್ಯಾಕಿನಲ್ಲಿ ಬಲ ತಿರುವುಗಳೇ ಹೆಚ್ಚು, ಭಾರವೆಲ್ಲ ಎಡ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಇಲ್ಲಿ ಓಡಿದ ಎಲ್ಲ ಕಾರಿನದೂ ಅದೇ ಕಥೆ. ಆದರೆ ಇವು ಓಡಿಲ್ಲವಲ್ಲ, ಗೋಡೆಗೆ ಆನಿಕೊಂಡು ಕೂತಿವೆ. ಯಾರೋ ಕದ್ದು ತೆಗೆದು ಹಾಕಿಕೊಳ್ಳುತ್ತಿದ್ದಾರೆ ಎಂದು ಉಪಕರಣ ಇಡುವ ಜಾಲರಿ ಕೋಣೆಯೊಳಗೆ ಸಾಗಿಸಿ, ಬೀಗ ಹಾಕಿ, ನಾಲ್ಕರ ನಡುವೆಯೂ ಹೊಲಿಗೆ ದಾರ ಪೋಣಿಸಿ ಗಂಟು ಹಾಕಿದೆ. ದಾರ ಹಾಗೇ ಇತ್ತು, ಗಂಟೂ ನನ್ನದೇ. ಅಚ್ಚು ಅರ್ಧ ಮಿಲಿಮೀಟರಿಗೂ ಹೆಚ್ಚು ಇಳಿದಿತ್ತು. ಟೈರಿನ ಗೀರುಗಳಲ್ಲಿ ಮೂರನೇ ತಿರುವಿನ ಅಂಚಿಗೆ ಸುರಿದಿರುವ ಕೆಂಪು ಜಲ್ಲಿಯ ಚೂರುಗಳು ಕಚ್ಚಿಕೊಂಡಿದ್ದವು. ನಾನು ಮೊಳೆ ತೆಗೆದುಕೊಂಡು ಕಿತ್ತೆ. ಒಂಬತ್ತು ಚೂರು. ಒಂದು ಡಬ್ಬಿಯಲ್ಲಿಟ್ಟಿದ್ದೇನೆ.

ಆಮೇಲೆ ಸೀಮೆಸುಣ್ಣದ ಪರೀಕ್ಷೆ ಮಾಡಿದೆ. ಟೈರಿನ ಅಂಚಿನಿಂದ ಅದರ ಪಕ್ಕೆಯವರೆಗೆ ಗೆರೆ ಎಳೆದು ಕಾರು ಓಡಿಸಿದರೆ, ಗೆರೆ ಎಲ್ಲಿಯವರೆಗೆ ಅಳಿಸಿದೆ ಎಂದು ನೋಡಿ ಗಾಳಿ ಹೆಚ್ಚೋ ಕಡಿಮೆಯೋ ಹೇಳಬಹುದು. ಆ ಶನಿವಾರ ಬೆಳಿಗ್ಗೆ ನಾಲ್ಕಕ್ಕೂ ಗೆರೆ ಎಳೆದು, ಜಾಲರಿಯ ಎದುರಿಗೆ ಸ್ಟೂಲು ಹಾಕಿಕೊಂಡು ಕೂತೆ. ಬಂದ ಗಿರಾಕಿಗಳನ್ನೆಲ್ಲ ಬ್ಯಾಲೆನ್ಸಮ್ಮನೇ ನೋಡಿಕೊಂಡಳು. ಹೊರಗೆ ಕಾರುಗಳು ಸುತ್ತುತ್ತಿದ್ದವು. ಟೈರುಗಳು ಅಲುಗಲಿಲ್ಲ ಅಕ್ಕಾ, ನಾನು ಕಣ್ಣು ಕೀಳಲಿಲ್ಲ. ಊಟದ ಗಂಟೆ ಹೊಡೆಯಿತು, ಕಾರುಗಳೆಲ್ಲ ನಿಂತವು, ತಗಡಿನ ಮೇಲೆ ಕಾಗೆ ನಡೆಯುವುದೂ ಕೇಳುವಷ್ಟು ಸದ್ದಡಗಿತು. ಆಗ ಸುಟ್ಟ ರಬ್ಬರಿನ ವಾಸನೆ ಬಂತು. ಹತ್ತಿರದಿಂದ. ಬೀಗ ತೆಗೆದು ಕೈಯಿಟ್ಟೆ. ಇಸ್ತ್ರಿ ಮಾಡಿ ಮಡಿಸಿಟ್ಟ ಅಂಗಿಯಷ್ಟು ಬಿಸಿ. ಸುಣ್ಣದ ಗೆರೆ ಸರಿಯಾಗಿ ಎಷ್ಟು ಅಳಿಸಬೇಕೋ ಅಷ್ಟೇ ಅಳಿಸಿತ್ತು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಗಾಳಿ ಸರಿಯಾಗಿದೆ ಎಂದು ಅರ್ಥ. ಚಕ್ರದ ರಿಮ್ಮೇ ಇಲ್ಲದ, ಒಳಗೆ ಗಾಳಿಯೇ ಇಲ್ಲದ ಟೈರು ಅದು.

ಬ್ಯಾಲೆನ್ಸಮ್ಮ ಹೆಚ್ಚು ಸವೆದ ಆ ಎಡ ಮುಂದಿನದನ್ನು ಬೆಳಕಿಗೆ ಹಿಡಿದು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಅಲ್ಲಿ ನಾಯಿ ನೆಕ್ಕಿದ ಹಾಗೆ ಒಂದು ಅಂಗೈ ಅಗಲದ ಸಪಾಟು ಜಾಗ. ತಿರುವಿನೊಳಕ್ಕೆ ನುಗ್ಗಿದ ಮೇಲೂ ಬ್ರೇಕು ಬಿಡದೆ ಎಳೆಯುವವರ ಟೈರಿನಲ್ಲಿ ಮಾತ್ರ ಅದು ಬರುತ್ತದೆ. "ಹದಿನೆಂಟು ವರ್ಷದಲ್ಲಿ ಹೀಗೆ ಸವೆಸಿ ತಂದವರು ಒಬ್ಬರೇ" ಎಂದಳು. ನಾನು ಸುಮ್ಮನಿರು ಎಂದೆ. ಅವಳು ಕೈ ತೊಳೆದುಕೊಂಡು ಮನೆಗೆ ಹೋದಳು. ಮುಂದಿನ ಟ್ರ್ಯಾಕ್ ಶನಿವಾರ ಬರಲಿಲ್ಲ. ಸೋಮವಾರ ಬಂದವಳು ನನ್ನನ್ನು ಬೈಯಲೂ ಇಲ್ಲ, ಕೇಳಿದ್ದು ಒಂದೇ ಮಾತು: "ಅಕ್ಕನಿಗೆ ಬರೆದ್ರಾ?"

ಬರೆದಿದ್ದೇನೆ, ನೋಡು. ಇಷ್ಟು ಬರೆಯುವಷ್ಟರಲ್ಲಿ ಊಟದ ಬಿಡುವು ಮುಗಿಯುತ್ತಾ ಬಂತು. ಚಳಿ ಶುರುವಾಗುವ ಮೊದಲು ಮಂಡಿಗೆ ಉಣ್ಣೆಯ ಪಟ್ಟಿ ತೆಗೆದುಕೋ. ನನ್ನವಳು ನಿನ್ನ ಅಳತೆಯ ಎರಡು ರವಿಕೆ ಹೊಲಿದಿಟ್ಟಿದ್ದಾಳೆ, ತೋಳು ಬಿಗಿ ಎಂದರೆ ನೀನೇ ದಪ್ಪಗಾಗಿದ್ದೀಯ ಎನ್ನಬೇಕಂತೆ. ಅಳಿಯಂದಿರಿಗೆ ಕೇಳಿದೆನೆಂದು ಹೇಳು. ಹುಡುಗಿಗೆ ನನ್ನ ಆಶೀರ್ವಾದ. ಅವಳ ಸ್ಟೀರಿಂಗ್ ಹಿಡಿದ ಕೈ ಯಾವಾಗಲೂ ಹಗುರವಾಗಿರಲಿ. ನಿನಗೆ ನನ್ನ ನಮಸ್ಕಾರ.

ಇಂತು ನಿನ್ನ ತಮ್ಮ

ತಾ.ಕ.: ಅಂಚೆಯವರು ಬಾಗಿಲಲ್ಲಿ ನಿಂತಿದ್ದಾರೆ, ಗೋಂದು ಹಚ್ಚಿದ್ದ ಲಕೋಟೆ ಮತ್ತೆ ಬಿಚ್ಚಿದ್ದೇನೆ. ಅಕ್ಕಾ, ಮೇಲಿನ ಕಂಬಿಯಲ್ಲಿದ್ದದ್ದು ನೀನು ಆರಿಸಿದ ಸೆಟ್ಟು. ಅದು ಭಾವನ ಕಾರಿಗೆ ಏರಲೇ ಇಲ್ಲ. ಆವತ್ತು ಬೆಳಿಗ್ಗೆ ಅವರು ಬಂದು "ಅವಳಿಗೆ ಹೇಳಬೇಡ, ಇವತ್ತೊಂದು ದಿನ ಹಳೇ ಮೆತ್ತನೇದೇ ಇರಲಿ, ಮುಂದಿನ ಸಲ ಅವಳು ಹೇಳಿದ್ದು ಹಾಕಿಸ್ಕೋತೀನಿ" ಎಂದರು. ನಾನು ಉಗುರು ಒತ್ತಿ ನೋಡಿದೆ. ಗುರುತು ಉಳಿಯಲಿಲ್ಲ. ಕಲ್ಲಾಗಿತ್ತು. ಸರದಿಯಲ್ಲಿ ಆರು ಕಾರು ನಿಂತಿದ್ದವು, ಬಿಚ್ಚಿ ಹಾಕಲು ಸೋಮಾರಿತನ, "ಅಚ್ಚು ಇದೆಯಲ್ಲ ಭಾವ, ಇನ್ನೊಂದು ದಿನ ಬರುತ್ತೆ" ಎಂದೆ. ಹಾಗೆಂದವನು ನಾನು. ಅಪಘಾತವಾದ ಮೇಲೆ ನೀನು ಕಾರು ನೋಡಲು ಬರುತ್ತೇನೆಂದಾಗ ಬೇಡ ಅಕ್ಕಾ ಎಂದು ತಡೆದದ್ದೂ ಅದಕ್ಕೇ. ನೀನು ನಿನ್ನನ್ನೇ ಬೈದುಕೊಂಡು ಕೂತಿದ್ದನ್ನು ಹದಿನಾಲ್ಕು ತಿಂಗಳು ನೋಡಿಕೊಂಡು ಬಾಯಿ ಮುಚ್ಚಿಕೊಂಡಿದ್ದೆ. ಇವತ್ತು ಎಡ ಮುಂದಿನದು ಎರಡು ಮಿಲಿಮೀಟರಿಗೆ ಬಂದಿದೆ, ಒಂದೂವರೆಗೆ ಇಳಿದರೆ ಟೈರು ಸತ್ತ ಹಾಗೆ, ಇನ್ನೊಂದು ಶನಿವಾರಕ್ಕೆ ಮುಗಿಯುತ್ತದೆ. ಆಮೇಲೆ ಭಾವ ಯಾವುದರ ಮೇಲೆ ಓಡಿಸುತ್ತಾರೋ ನನಗೆ ಗೊತ್ತಿಲ್ಲ. ಮೊದಲು ಬರೆದ ಇನ್ನೂರು, ಮುನ್ನೂರು ಎಲ್ಲ ಹೊಡೆದು ಹಾಕು. ಹುಡುಗಿಗೆ ಯಾವ ಟೈರು ಎಂದು ನೀನೇ ಹೇಳು, ನನ್ನನ್ನು ಕೇಳಬೇಡ.